‘ಎ’ ಒತ್ತಲೊಲ್ಲದ ಮಹಾನಂದಾ

“ಮಷೀನ್ ಛಲೋ ಐತ್ರಿ ಮೇಡಮ್. ರಿಪೇರಿ ಹುಡುಗಿಗೆ ಮಾಡಬೇಕಾಗೇತಿ.”

ಫೋನಿನ ಆ ಕಡೆ ತಾತ್ಯಾ. ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರ, ಆಫೀಸಿನ ಬೆನ್ನಿಗೇ ಮಗ್ಗಗಳ ಶೆಡ್ಡು. ಲೈನಿನಲ್ಲಿ ಅವರ ಮಾತಿಗಿಂತ ಮಗ್ಗದ ಖಟಖಟವೇ ಜೋರು. ಆದರೂ ಆ ಒಂದು ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಹುಡುಗಿಗೆ ರಿಪೇರಿ ಅಂದರೆ ಏನು ಮಾಡುವುದು? ನಾನು ಬ್ಯಾಗಿನಲ್ಲಿ ಒಯ್ಯುತ್ತಿದ್ದುದು ಒಂದು ಸ್ಕ್ರೂ ಡ್ರೈವರ್, ಒಂದು ಮೆತ್ತನೆಯ ಬ್ರಶ್ಶು, ನಾಲ್ಕಾರು ಫ್ಲಾಪಿ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಕೊಲ್ಹಾಪುರದ ಒಂದು ಕಂಪ್ಯೂಟರ್ ಸಂಸ್ಥೆಯಲ್ಲಿ ನನಗೆ ಕೆಲಸ. ಬೆಳಿಗ್ಗೆ ಕ್ಲಾಸಿನಲ್ಲಿ ಪಾಠ ಹೇಳುವವಳೂ ನಾನೇ, ಮಧ್ಯಾಹ್ನ ಎಸ್‌ಟಿ ಬಸ್ಸು ಹಿಡಿದು ಗಿರಾಕಿಗಳ ಆಫೀಸಿಗೆ ಹೋಗಿ ಕೆಟ್ಟ ಮಷೀನಿನ ಮುಂದೆ ನಿಲ್ಲುವವಳೂ ನಾನೇ. ಮನೆಮಾತು ಕನ್ನಡವಾದ್ದರಿಂದ ಇಚಲಕರಂಜಿ, ಗಡಹಿಂಗ್ಲಜ ಕಡೆಯ ಕನ್ನಡದ ಗಿರಾಕಿಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದರು. (ಪಗಾರ ಮಾತ್ರ ಒಂದೇ ಕೆಲಸದ್ದು.)

ಆಗಿನ ಕಂಪ್ಯೂಟರ್ ತೊಂದರೆಗಳು ಎಂಥವು ಅಂತೀರಿ? ಪರದೆ ಕಪ್ಪಾಗಿದೆ ಅಂತ ಕರೆಯುತ್ತಿದ್ದರು. ಹೋಗಿ ನೋಡಿದರೆ ಯಾರೋ ಬ್ರೈಟ್‌ನೆಸ್ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟಿರುತ್ತಿದ್ದರು. ಅಮಾವಾಸ್ಯೆಯ ಪೂಜೆಯಲ್ಲಿ ಫ್ಲಾಪಿಗೆ ಕುಂಕುಮ ಹಚ್ಚಿ ಒಳಗೆ ತೂರಿಸಿದ ಕೇಸೂ ಇತ್ತು. ನಗಬೇಡಿ. ಆ ಜನ ನಿಜಕ್ಕೂ ಹೆದರಿದ್ದರು. ಮಷೀನು ಇಟ್ಟ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು. ಏನಾದರೂ ಕೆಟ್ಟರೆ ನೌಕರಿ ಹೋಯಿತು ಅಂತಲೇ ಪ್ರತಿಯೊಬ್ಬ ಗುಮಾಸ್ತನ ಲೆಕ್ಕ.

ತಾತ್ಯಾ ಆಫೀಸಿನ ಕಥೆ ಅಂದೇ ಶುರುವಾದದ್ದಲ್ಲ. ಒಂದೆರಡು ತಿಂಗಳಿಂದ ಅಲ್ಲಿ ಒಂದೇ ರಗಳೆ. ದಿನವಿಡೀ ಟೈಪ್ ಮಾಡಿದ್ದು ಸಂಜೆ ನೋಡಿದರೆ ಇಲ್ಲ. ಯಾವ ನೇಕಾರನಿಗೆ ಎಷ್ಟು ನೂಲು ಹೋಯಿತು, ಯಾರ ಮಗ್ಗಕ್ಕೆ ನೂಲು ಸುತ್ತಿದ ಬೀಮು ತಯಾರಾಯಿತು, ಎಲ್ಲ ಫ್ಲಾಪಿಯಲ್ಲಿ. ಫ್ಲಾಪಿ ತೆರೆಯಲು ಹೋದರೆ ಬರೀ ಹುಳ ಹರಿದಂಥ ಅಕ್ಷರ. ಹೊರಗೆ ಕಟ್ಟೆಯ ಮೇಲೆ ನೂಲಿಗಾಗಿ ಕಾದು ಕೂತ ನೇಕಾರರ ಗೊಣಗಾಟ.

ನಾನು ಎರಡು ಸಲ ಹೋಗಿ ನೋಡಿದ್ದೆ. ಕಾರಣ ಅರ್ಧ ಸಿಕ್ಕಿತ್ತು. ಫ್ಲಾಪಿ ತೂರಿಸುವ ಡ್ರೈವಿನ ಬಾಯಿಯೊಳಗೆ ಬ್ರಶ್ಶು ಹಾಕಿದರೆ ಹತ್ತಿಯ ನಯವಾದ ಧೂಳು ಮುದ್ದೆಮುದ್ದೆಯಾಗಿ ಬಂತು. ಇಚಲಕರಂಜಿಯಲ್ಲಿ ಅದು ಎಲ್ಲಿಲ್ಲ ಹೇಳಿ? ರೆಪ್ಪೆಯ ಮೇಲೆ, ಚಹಾದ ಕಪ್ಪಿನಲ್ಲಿ, ದೇವರ ಫೋಟೋದ ಮೇಲೆ. ಗಾಜಿನ ಕ್ಯಾಬಿನ್ ಕಟ್ಟಿಸಿ, ಏಸಿ ಕೂಡಿಸಿದ್ದರೂ ಹೇಗೋ ಒಳಗೆ ಬರುತ್ತಿತ್ತು. ಧೂಳು ಅಡ್ಡ ಬಂದರೆ ಮಷೀನಿಗೆ ಫ್ಲಾಪಿ ಓದಲು ಆಗುವುದಿಲ್ಲ. ಆಗ ಅದು ಗರ್ ಅಂತ ಒದ್ದಾಡಿ, ಹಸಿರು ಅಕ್ಷರದಲ್ಲಿ ಒಂದು ಸಾಲು ಮೂಡಿಸಿ ನಿಲ್ಲುತ್ತದೆ: ಅಬಾರ್ಟ್, ರಿಟ್ರೈ, ಇಗ್ನೋರ್?

ಅಂದರೆ, ಕೆಲಸ ಕೈಬಿಡಲೋ, ಇನ್ನೊಮ್ಮೆ ಯತ್ನಿಸಲೋ, ನೋಡಿಯೂ ನೋಡದಂತೆ ಮುಂದೆ ಹೋಗಲೋ? ಎ, ಆರ್, ಐ. ಮೂರರಲ್ಲಿ ಒಂದಕ್ಷರ ಒತ್ತಬೇಕು. ನಾನು ಕ್ಲಾಸಿನಲ್ಲಿ ಕಲಿಸುತ್ತಿದ್ದುದು ಇಷ್ಟೇ: ಮೊದಲು ಆರ್ ಒತ್ತಿ ನೋಡಿ. ಆಗದಿದ್ದರೆ ಸುಮ್ಮನೆ ಎ ಒತ್ತಿ ಹೊರಗೆ ಬನ್ನಿ, ಹೋದರೆ ಕೊನೆಯ ಒಂದೆರಡು ಸಾಲು ಹೋದೀತು. ಐ ಮಾತ್ರ ಮುಟ್ಟಬೇಡಿ, ಕಸ ಸೇರಿಕೊಳ್ಳುತ್ತದೆ. ನಡುವೆ ಸ್ವಿಚ್ ಆರಿಸಿದರಂತೂ ಇಡೀ ಫೈಲು ಹಾಳು.

ಯಾರೋ ಸ್ವಿಚ್ಚೇ ಆರಿಸುತ್ತಿದ್ದರು. ಅದೂ ನನಗೆ ತಿಳಿಯಿತು. “ಯಾರ ಆರಿಸಿದ್ರಿ?” ಅಂತ ಕೇಳಿದೆ. ಯಾರೂ ಇಲ್ಲ. “ಏನ ಒತ್ತಿದ್ರಿ?” ಏನೂ ಇಲ್ಲ. ಆಪರೇಟರ್ ಮಹಾನಂದಾ ನೆಲ ನೋಡುತ್ತ ನಿಂತಿದ್ದಳು.

ಮಹಾನಂದಾ ನನ್ನದೇ ಕ್ಲಾಸಿನ ವಿದ್ಯಾರ್ಥಿನಿ. ಗಡಹಿಂಗ್ಲಜ ತವರು, ಇಚಲಕರಂಜಿ ಪಕ್ಕದ ಕಬನೂರಿಗೆ ಕೊಟ್ಟಿದ್ದರು. ಗಂಡ ಮಗ್ಗದ ಶೆಡ್ಡಿನಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ. ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಅತ್ತೆಯನ್ನು ಒಪ್ಪಿಸಿ ಆಫೀಸಿಗೆ ಬಂದವಳು. ಅವಳ ಬೆರಳಿನ ವೇಗ ನೋಡಬೇಕಿತ್ತು ನೀವು. ಕೀಬೋರ್ಡ್ ಕಡೆ ಕಣ್ಣೇ ಇರುತ್ತಿರಲಿಲ್ಲ.

ಅಂಥವಳು ಈಗ ಮಷೀನಿನ ಮುಂದೆ ಕೂಡಲೊಲ್ಲೆ ಅನ್ನುತ್ತಿದ್ದಾಳೆ. ತಾತ್ಯಾ ಫೋನಿನಲ್ಲಿ ಕೊನೆಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಇವತ್ತ ಬಂದು ನೋಡ್ರಿ. ಇಲ್ಲಂದ್ರ ನಿಮ್ಮ ಕ್ಲಾಸಿನ್ಯಾಗಿಂದ ಇನ್ನೊಬ್ಬನ್ನ ಕಳಸ್ರಿ, ಸೋಮವಾರದಿಂದ. ಆಕೀನ ಮನಿಗೆ ಕಳಸ್ತೇನಿ.”

ಶುಕ್ರವಾರ ಅದು. ಹಾತಕಣಂಗಲೆ ದಾಟುವವರೆಗೂ ಬಸ್ಸಿನಲ್ಲಿ ನಿಂತೇ ಹೋದೆ. ಅವಳ ಜಾಗಕ್ಕೆ ಬೇರೆಯವರನ್ನು ಆರಿಸಿ ಕಳಿಸಬೇಕಾದವಳು ನಾನೇ. ಯಾರನ್ನು ಕಳಿಸಲಿ ಅಂತ ಯೋಚಿಸಲೂ ಮನಸ್ಸು ಹೆದರುತ್ತಿತ್ತು.

ಮಹಾನಂದಾ ಕ್ಯಾಬಿನ್ನಿನ ಹೊರಗೆ ಸ್ಟೂಲಿನ ಮೇಲೆ ಕೂತು ಕೈಯಿಂದಲೇ ಚೀಟಿ ಬರೆಯುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ನನ್ನನ್ನು ನೋಡಿ ಎದ್ದಳು. ತಾತ್ಯಾ ಗಾದಿಯ ಮೇಲಿಂದಲೇ, “ನೀವ ಕೇಳ್ರಿ ಆಕೀನ. ನಾ ಕೇಳಿ ಕೇಳಿ ಸಾಕಾತು,” ಅಂದರು.

ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದೆ. “ನಾ ಬಾಜೂಕ ಕುಂಡರ್ತೇನಿ. ನೀ ಕೆಲಸಾ ಮಾಡು, ನೋಡೂಣು.” ಕೂತಳು. ಬೆರಳು ಹಿಂದಿನಂತೆಯೇ ಓಡಿದವು. ಒಂದು ಪುಟ ಆಯಿತು, ಎರಡಾಯಿತು. ಇವಳಿಗೆ ಏನಾಗಿದೆ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಡ್ರೈವು ಗರ್ ಅಂತು. ಆ ಸಾಲು ಮೂಡಿತು.

ಅವಳು ಆರ್ ಒತ್ತಿದಳು. ಮತ್ತೆ ಅದೇ ಸಾಲು. ಮತ್ತೆ ಆರ್. ಮತ್ತೆ ಅದೇ. ಮತ್ತೆ, ಮತ್ತೆ. ಆಮೇಲೆ ಅವಳ ಎಡಗೈ ತಾನಾಗಿಯೇ ಗೋಡೆಯ ಸ್ವಿಚ್ಚಿನ ಕಡೆ ಹೋಯಿತು.

ನಾನು ಆ ಕೈ ಹಿಡಿದೆ.

“ಎ ಒತ್ತು ಮಹಾನಂದಾ. ಕಲಿಸಿದ್ದೆ ಅಲಾ?”

“ಒಲ್ಲೆ ರೀ.”

“ಹೋಗ್ಲಿ, ನಾ ಒತ್ತತೇನಿ.”

“ಬ್ಯಾಡ್ರಿ. ನಾ ಇಲ್ಲೆ ಕುಂತಾಗ ಬ್ಯಾಡ್ರಿ.” ಎದ್ದು, ಗಾಜಿನ ಬಾಗಿಲು ತೆರೆದು ಹೊರಗೆ ಹೋಗಿಬಿಟ್ಟಳು. ನಾನು ಎ ಒತ್ತಿದೆ. ಕೆಲಸ ಎರಡು ಸಾಲಷ್ಟೇ ಹೋಗಿತ್ತು.

ಆಫೀಸಿನ ಹಿಂದೆ, ನೂಲಿನ ಚೀಲ ಒಟ್ಟಿದ ಕಡೆ, ಗೋಡೆಗೆ ಒರಗಿ ನಿಂತಿದ್ದಳು. ಅಲ್ಲಿ ಮಗ್ಗದ ಸದ್ದು ಎಷ್ಟು ಜೋರೆಂದರೆ ಕಿವಿಯ ಹತ್ತಿರ ಬಾಯಿ ತಂದೇ ಮಾತಾಡಬೇಕು. ಬಹುಶಃ ಅದಕ್ಕೇ ಹೇಳಿದಳೋ ಏನೋ. ಅಲ್ಲಿಯವರೆಗೆ ಮೇಡಮ್ ಅನ್ನುತ್ತಿದ್ದವಳು ಮೊದಲ ಸಲ ಅಕ್ಕಾ ಅಂದಳು.

“ಅಕ್ಕಾ, ನನಗ ಎರಡ ಸಲ ನಿಂತು ಹೋಗೇತ್ರಿ. ಎರಡೂ ಸಲ ದವಾಖಾನಿ ಕಾಗದದಾಗ ಇದ ಅಕ್ಷರ ಬರದಿದ್ರು. ಇದೇನ್ರಿ ಅಂತ ನರ್ಸಬಾಯೀಗೆ ಕೇಳಿದೆ. ಆಕಿ ಹೇಳಿದ್ಲು.”

ನನಗೆ ತಟ್ಟನೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅಬಾರ್ಟ್. ಅಬಾರ್ಷನ್. ತಾನೇ ಹೋದ ಗರ್ಭಕ್ಕೂ ಡಾಕ್ಟರು ಬರೆಯುವುದು ಅದೇ ಪದ.

“ಮತ್ತ ಈಗ?”

ಸೆರಗು ಹೊಟ್ಟೆಯ ಮೇಲೆ ಎಳೆದುಕೊಂಡಳು. “ನಾಕನೇ ತಿಂಗಳ ನಡದೈತ್ರಿ. ಯಾರಿಗೂ ಹೇಳಿಲ್ಲ. ಐದ ತುಂಬೋತನ ಬಾಯಿ ಬಿಡಬ್ಯಾಡ ಅಂದಾರ ಅತ್ತಿ.” ಕ್ಯಾಬಿನ್ನಿನ ಕಡೆ ಕೈ ಮಾಡಿದಳು. “ದಿನಾ ಕೇಳತೈತ್ರಿ ಅದು. ಮಾಡ್ಲೇನು, ಮಾಡ್ಲೇನು ಅಂತ. ಹೂಂ ಅಂತ ನಾ ಹ್ಯಾಂಗ ಒತ್ತಲಿ?”

ಏನು ಹೇಳುತ್ತೀರಿ ಇದಕ್ಕೆ? ನಾನು ಕಲಿತವಳು ಹೇಳುವಂಥದ್ದನ್ನೇ ಹೇಳಿದೆ. ಅದರ ಅರ್ಥ ಬೇರೆ, ಅದು ಬರೀ ಮಷೀನು, ಅದಕ್ಕೆ ನಿನ್ನ ಹೊಟ್ಟೆಯ ಸುದ್ದಿ ಗೊತ್ತಿಲ್ಲ.

ಅವಳು ತಲೆಯಾಡಿಸಿದಳು. “ಗೊತ್ತೈತ್ರಿ ಅಕ್ಕಾ. ನನಗ ತಿಳೀತೈತಿ. ಕೈಗೆ ತಿಳಿಯವಲ್ದು.”

ತಾತ್ಯಾಗೆ ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡಳು. ಹೇಳದಿದ್ದರೆ ನೌಕರಿ ಹೋಗುತ್ತದೆ. ಹೇಳಿದರೆ ಹೊಟ್ಟೆಯಲ್ಲಿರುವುದಕ್ಕೆ ಏನಾದೀತೋ ಅಂತ ಅವಳ ಭಯ, ಅದನ್ನು ಬಾಯಲ್ಲಿ ಹೇಳಲೂ ಅವಳು ತಯಾರಿರಲಿಲ್ಲ. ಬೇರೆ ಊರ ಬೇರೆ ಮಷೀನಿನಲ್ಲಾದರೆ ಆ ಸಾಲು ತಿಂಗಳಿಗೊಮ್ಮೆ ಬಂದೀತು. ಇಲ್ಲಿ ಈ ಧೂಳಿನಲ್ಲಿ ದಿನಕ್ಕೆ ಎಷ್ಟು ಸಲವೋ. ಧೂಳು ನಿಲ್ಲಿಸಬೇಕೆಂದರೆ ಊರಿನ ಮಗ್ಗ ನಿಲ್ಲಿಸಬೇಕು.

“ಸೋಮವಾರ ಬರ್ತೇನ್ರಿ ತಾತ್ಯಾ. ಅಲ್ಲಿತನಾ ಏನೂ ಮಾಡಬ್ಯಾಡ್ರಿ,” ಅಂದೆ.

“ಯಾಕ, ಏನ ಆಗೇತಿ?”

“ಮಷೀನಿಂದ ತಪ್ಪೈತ್ರಿ. ಆಕೀದಲ್ಲ.”

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. “ಬೆಳಿಗ್ಗೆ ಮಷೀನ್ ಛಲೋ ಐತಿ ಅಂದ್ನೆಲ್ಲಾ ನಾ?” ನಾನು ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಬಸ್ಸಿನಲ್ಲಿ ಕೂತು ತಲೆ ಕೆರೆದುಕೊಂಡೆ. ಆ ಸಾಲು ಮಷೀನಿಗೆ ಎಲ್ಲಿಂದ ಬರುತ್ತದೆ? ಆಕಾಶದಿಂದಲ್ಲವಲ್ಲ. ಮಷೀನು ಶುರು ಮಾಡಲು ಹಾಕುವ ಸಿಸ್ಟಂ ಫ್ಲಾಪಿಯಲ್ಲಿ ಯಾರೋ ಬರೆದಿಟ್ಟ ಅಕ್ಷರಗಳೇ ತಾನೇ? ಬರೆದದ್ದನ್ನು ಅಳಿಸಿ ಬರೆಯಲು ಬರುವುದಿಲ್ಲವೆ?

ಬರುತ್ತದೆ. ಆದರೆ ಹಾಗೆ ಮಾಡುವಂತಿಲ್ಲ. ನಮ್ಮ ಸಂಸ್ಥೆಯ ಮಾಲೀಕರನ್ನು (ನಮಗೆಲ್ಲ ಅವರು ಬರೀ ಸರ್) ಕೇಳಿದ್ದರೆ ಅಂದೇ ಮನೆಗೆ ಕಳಿಸುತ್ತಿದ್ದರು. ಸಿಸ್ಟಂ ಫ್ಲಾಪಿಯ ಒಳಗೆ ಕೈಹಾಕುವುದೆಂದರೆ ಗಡಿಯಾರದ ಅಂಗಡಿಯಲ್ಲಿ ಕಣ್ಣುಮುಚ್ಚಿ ಇಕ್ಕಳ ಆಡಿಸಿದಂತೆ. ಒಂದಕ್ಷರ ಆಚೀಚೆಯಾದರೆ ಇಡೀ ಮಷೀನು ಏಳುವುದೇ ಇಲ್ಲ.

ಶನಿವಾರ ಸರ್ ಊಟಕ್ಕೆ ಹೋದರು. ನಾನು ಸಿಸ್ಟಂ ಫ್ಲಾಪಿಯ ಒಂದು ನಕಲು ಮಾಡಿಕೊಂಡು, ಒಳಗಿನ ಅಕ್ಷರಗಳನ್ನು ತೋರಿಸುವ ಪ್ರೋಗ್ರಾಮಿನಲ್ಲಿ ಅದನ್ನು ತೆರೆದೆ. ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಪುಟ ಸರಿಸುತ್ತ ಹೋದೆ. ಕೊನೆಗೆ ಆ ಕಸದ ನಡುವೆ ಕೂತಿತ್ತು ಅದು. ಎ, ಬಿ, ಓ, ಆರ್, ಟಿ.

ಅದರ ಜಾಗಕ್ಕೆ ಏನು ಬರೆಯಲಿ? ಐದೇ ಅಕ್ಷರ ಇರಬೇಕು, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಮಷೀನು ಕಾಯುವುದು ಎ ಕೀಲಿಗಾಗಿ, ಆದ್ದರಿಂದ ಮೊದಲಕ್ಷರ ಎ ಆಗಿಯೇ ಇರಬೇಕು. ಇಂಗ್ಲಿಷಿನ ಯಾವ ಪದವೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ನಮ್ಮ ‘ಆತು’. ಇಂಗ್ಲಿಷಿನಲ್ಲಿ ಬರೆದರೆ ನಾಲ್ಕೇ ಅಕ್ಷರ. ಅವಸರದಲ್ಲಿ ನಾಲ್ಕು ಬರೆದು, ಉಳಿದ ಒಂದನ್ನು ತೆಗೆದೇಬಿಟ್ಟೆ. ಆ ಫ್ಲಾಪಿ ಹಾಕಿ ಮಷೀನು ಶುರು ಮಾಡಿದೆ. ಪರದೆ ಕಪ್ಪಾಗಿ ಹಾಗೆಯೇ ನಿಂತಿತು.

ಮೆಟ್ಟಿಲ ಮೇಲೆ ಯಾರದೋ ಚಪ್ಪಲಿಯ ಸದ್ದು. ಫ್ಲಾಪಿ ಎಳೆದು ಪುಸ್ತಕದ ಕೆಳಗೆ ತುರುಕಿದೆ. ಸದ್ದು ಮೇಲಿನ ಮಾಳಿಗೆಗೆ ಹೋಯಿತು, ಸರ್ ಅಲ್ಲ.

ಇನ್ನೊಂದು ನಕಲು ತೆಗೆದೆ. ಈ ಸಲ ದಕ್ಷಿಣದ ಕಡೆಯ ಕನ್ನಡಕ್ಕೆ ಹೋದೆ. ಆಯ್ತು. ಎ, ಎ, ವೈ, ಟಿ, ಯು. ಐದಕ್ಕೆ ಐದು. ಮಷೀನು ಎದ್ದಿತು.

ಎರಡು ದಪ್ಪ ರಟ್ಟಿನ ನಡುವೆ ಫ್ಲಾಪಿ ಇಟ್ಟು, ಎದೆಗೆ ಅವಚಿಕೊಂಡು ಸೋಮವಾರ ಬಸ್ಸು ಹತ್ತಿದೆ. ಸಂತೆಗೆ ಹೋಗುವವರ ಬುಟ್ಟಿಗಳ ನಡುವೆ ನನಗೆ ಒಂದೇ ಚಿಂತೆ. ಇದು ಬಾಗಿದರೆ? ಬಾಗದೆಯೂ ಅಲ್ಲಿ ನಡೆಯದಿದ್ದರೆ? ನನ್ನ ಕೈವಾಡದಿಂದಲೇ ತಾತ್ಯಾ ಲೆಕ್ಕವೆಲ್ಲ ಹಾಳಾದರೆ ಅವಳ ಜೊತೆ ನನ್ನ ನೌಕರಿಯೂ ಹೋಯಿತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಈ ಐದಕ್ಷರ ನೋಡಿಯೂ ಅವಳ ಕೈ ಏಳದಿದ್ದರೆ?

ತಾತ್ಯಾ ಚಪ್ಪಲಿ ಬಿಟ್ಟು ಕ್ಯಾಬಿನ್ನಿಗೆ ಬಂದು ಹಿಂದೆ ನಿಂತರು. ಮಹಾನಂದಾ ಕುರ್ಚಿಯ ತುದಿಯಲ್ಲಿ ಕೂತಳು. ಹೊಸ ಫ್ಲಾಪಿ ಹಾಕಿದೆ. ಮಷೀನು ಸುಮ್ಮನೆ ಶುರುವಾಯಿತು. ಅವಳು ಟೈಪ್ ಮಾಡುತ್ತ ಹೋದಳು. ನಾವು ಮೂವರೂ ಅದು ಯಾವಾಗ ಕೆಡುತ್ತದೆ ಅಂತ ಕಾಯತೊಡಗಿದೆವು. ಅಂದೇ ಅದು ಕೆಡಲೊಲ್ಲದು. (ನೋಡಿದ್ದೀರಲ್ಲ, ಡಾಕ್ಟರ ಮುಂದೆ ಕೆಮ್ಮು ಬರುವುದಿಲ್ಲ.) ಕಡೆಗೆ ನಾನೇ ಡ್ರೈವಿನ ಚಿಲಕ ಎತ್ತಿಬಿಟ್ಟೆ. ಗರ್ ಅಂತು.

ಆಯ್ತು, ರಿಟ್ರೈ, ಇಗ್ನೋರ್?

ಮಹಾನಂದಾ ಓದಿದಳು. ತುಟಿ ಅಲುಗಿದ್ದು ಕಂಡಿತು. ಮತ್ತೊಮ್ಮೆ ಓದಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಅವಳ ಎಡಗೈ ಮಡಿಲಲ್ಲೇ ಇತ್ತು. ಅದು ಗೋಡೆಯ ಕಡೆ ಹೋಗುತ್ತದೋ ಅಂತ ನಾನು ಅದನ್ನೇ ನೋಡುತ್ತಿದ್ದೆ. ಕೈ ಮೇಲೆದ್ದು ಕೀಬೋರ್ಡಿಗೆ ಬಂತು. ಕಿರುಬೆರಳು ಎ ಮೇಲೆ ಇಳಿಯಿತು.

“ಏನಂತೈತಿ ಅದು?” ತಾತ್ಯಾ ಹಿಂದಿನಿಂದ ಕೇಳಿದರು.

“ಆತು ಅಂತೈತ್ರಿ,” ಅಂದಳು.

“ಆತಲ್ಲ ಮತ್ತ. ನಡೀಲಿ ಕೆಲಸಾ.” ಅವರು ಹೊರಗೆ ಹೋದರು. ಅವಳು ಮುಖ ಆ ಕಡೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮಾಡಲು ಏನೂ ಇಲ್ಲದೆ ಬ್ರಶ್ಶು ತೆಗೆದು, ಆಗಲೇ ಸ್ವಚ್ಛವಿದ್ದ ಡ್ರೈವನ್ನು ಇನ್ನೊಮ್ಮೆ ಒರೆಸಿದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆಂದವಿತ್ತು. ಒಂದೆರಡು ತಿಂಗಳ ನಂತರ ನಾನು ಜ್ವರದಿಂದ ಮಲಗಿದ್ದಾಗ ತಾತ್ಯಾ ಆಫೀಸಿಗೆ ಸರ್ ತಾವೇ ಹೋದರು. ಆಗ ಪೇಪರಿನಲ್ಲಿ ಕಂಪ್ಯೂಟರ್ ವೈರಸ್ಸಿನ ಸುದ್ದಿ ಹೊಸದಾಗಿ ಬರುತ್ತಿತ್ತು. ಅವರ ಕಣ್ಣೆದುರೇ ಆ ಸಾಲು ಮೂಡಿದಾಗ ಅವರಿಗೆ ಏನಾಗಿರಬೇಕು ಊಹಿಸಿ. ಫ್ಲಾಪಿ ಕಿತ್ತುಕೊಳ್ಳಲು ಹೋದರಂತೆ. ನಾನು ಕೆಲಸಕ್ಕೆ ಬಂದ ದಿನವೇ ಒಳಗೆ ಕರೆದರು.

“ಹೇ ಕಾಯ್ ಆಹೇ?” ಇದೇನಿದು ಅಂತ ಮರಾಠಿಯಲ್ಲಿ ಕೇಳಿದರು. ದನಿ ಏರಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

ವೈರಸ್ಸಲ್ಲ, ನಾನೇ ಮಾಡಿದ್ದು ಅಂದೆ. ಎಷ್ಟು ಕಡೆ? ಒಂದೇ ಕಡೆ. ಯಾಕೆ? ಅದನ್ನು ಹೇಳಲು ನನಗೆ ಅಧಿಕಾರವಿಲ್ಲ ಸರ್. ಅವರು ಟೇಬಲ್ಲಿನ ಮೇಲೆ ಬೆರಳಾಡಿಸುತ್ತ ಕೂತರು. ಕಾರಣ ಹೇಳಿದರೆ ನಾನು ಉಳಿಯುತ್ತೇನೆ, ಆದರೆ ಆಣೆ?

ಆಗ ಫೋನು ಬಂತು ಅಂತ ಹೇಳಿದರೆ ನಾಟಕ ಅಂತೀರಿ. ಫೋನು ಹಿಂದಿನ ದಿನವೇ ಬಂದಿತ್ತು. ಸರ್ ತಾವೇ ಹೇಳಿದರು. ತಾತ್ಯಾ ಫೋನಿನಲ್ಲಿ ಅಂದದ್ದು ಇಷ್ಟಂತೆ: “ಆ ಫ್ಲಾಪಿ ನಮ್ಮ ಆಫೀಸಿಂದು ಐತ್ರಿ. ಅದನ್ನ ಒಯ್ಯೂದಾದ್ರ ನಿಮ್ಮ ಮಷೀನೂ ಒಯ್ರಿ.” ಐದು ತುಂಬಿದ ಮೇಲೆ ಮಹಾನಂದಾ ತಾನೇ ಹೋಗಿ ತಾತ್ಯಾಗೆ ಎಲ್ಲ ಹೇಳಿದ್ದಳು ಅಂತ ನನಗೆ ತಿಳಿದದ್ದು ಆಮೇಲೆ. ಸರ್‌ಗೆ ಇವತ್ತಿಗೂ ಕಾರಣ ಗೊತ್ತಿಲ್ಲ. ನನ್ನನ್ನು ಕೆಲವು ತಿಂಗಳು ಹೊರಗಿನ ಕೆಲಸಕ್ಕೆ ಕಳಿಸಲಿಲ್ಲ, ಅಷ್ಟೇ ಶಿಕ್ಷೆ.

ಮಹಾನಂದಾ ಹೆರಿಗೆಗೆ ಗಡಹಿಂಗ್ಲಜಕ್ಕೆ ಹೋದಳು. ಆಮೇಲೆ ಸುದ್ದಿಯಿಲ್ಲ. ದಿನ ತುಂಬುವ ಮೊದಲೇ ದವಾಖಾನೆಗೆ ಸೇರಿಸಿದ್ದಾರೆ ಅಂತ ಒಂದು ಸಂಜೆ ತಾತ್ಯಾ ಹೇಳಿದರು. ಮಳೆಗೆ ಆ ಕಡೆಯ ಲೈನು ಬಿದ್ದಿತ್ತು. ಟ್ರಂಕ್ ಕಾಲ್ ಬುಕ್ ಮಾಡಿ ಕಾದರೆ ಆಪರೇಟರ್ ‘ಲಾಗತ್ ನಾಹೀ’ ಅನ್ನುತ್ತಿದ್ದ, ಹತ್ತುತ್ತಿಲ್ಲ ಅಂತ. ಮತ್ತೆ ಬುಕ್ ಮಾಡು, ಮತ್ತೆ ಕಾಯು. ಆರ್ ಒತ್ತುತ್ತ ಕೂತವಳ ಪಾಡು ಏನಂತ ನನಗೆ ಆಗ ತಿಳಿಯಿತು.

ತಡೆಯದೆ ಬಸ್ಸು ಹತ್ತಿ ಹೋದೆ. ಹಿರಣ್ಯಕೇಶಿ ಹೊಳೆ ತುಂಬಿ ಹರಿಯುತ್ತಿತ್ತು, ಸೇತುವೆಯ ಮೇಲೆ ಬಸ್ಸು ಆಮೆಯಂತೆ ಸಾಗಿತು. ದವಾಖಾನೆಯ ಬಾಗಿಲಲ್ಲಿ ಅವಳ ತಾಯಿ ಕೂತಿದ್ದರು. ನಾನು ಯಾರೆಂದು ಹೇಳಿದೆ. ಆಕೆ ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. ಆ ಹತ್ತು ಹೆಜ್ಜೆಯಲ್ಲಿ ನಾನು ಏನೇನು ಅಂದುಕೊಂಡೆ ಅನ್ನುವುದು ಬೇಡ.

ಹೆಣ್ಣುಮಗು. ಅಂಗೈಗಿಂತ ಸ್ವಲ್ಪ ದೊಡ್ಡದು, ಹತ್ತಿಯಲ್ಲಿ ಸುತ್ತಿಟ್ಟಿದ್ದರು. ಇನ್ನೂ ಭರವಸೆ ಕೊಡಲಾಗುವುದಿಲ್ಲ ಅಂದಿದ್ದರಂತೆ ಡಾಕ್ಟರು. ಮಹಾನಂದಾ ಎದ್ದು ಕೂಡಲಾರದಷ್ಟು ಸೋತಿದ್ದಳು. ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು. ನಾನೂ ಅದನ್ನೇ ನೋಡುತ್ತ ಸಂಜೆಯ ಬಸ್ಸಿನವರೆಗೆ ಕೂತೆ. ಹೊರಡುವಾಗ ಅಂದಳು: “ಉಸರಾಡಾಕತ್ತಾಳ ಅಕ್ಕಾ. ಇಷ್ಟ ಸಾಕು ಈಗ.”

ಆ ಮಗು ಉಳಿಯಿತು. ಮಳೆಗಾಲ ಮುಗಿಯುವವರೆಗೆ ನಮ್ಮ ಉಸಿರು ಹಿಡಿದಿಟ್ಟು, ಆಮೇಲೆ ಉಳಿಯಿತು. ಮಹಾನಂದಾ ಮತ್ತೆ ಕೆಲಸಕ್ಕೆ ಬಂದಳು.

ಅದಾದ ಮೇಲೆ ಎಷ್ಟೋ ಮಷೀನು ಬಂದು ಹೋದವು. ಸಾಲುಗಳೂ ಬದಲಾದವು: ಫೇಟಲ್ ಎರರ್, ಇಲ್ಲೀಗಲ್ ಆಪರೇಷನ್. ಫೇಟಲ್ ಅಂದರೆ ಸಾವು ತರುವಂಥದ್ದು. ಒಬ್ಬ ಗುಮಾಸ್ತನ ಟೇಬಲ್ಲಿನ ಮೇಲೆ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಚಹಾ ಕುಡಿಯುತ್ತಿರುವಾಗ. ಮಷೀನಿಗೆ ಕರುಳಿಲ್ಲ, ಒಪ್ಪಿದೆ.

ಆ ಸಾಲು ಬರೆದು ಒಳಗೆ ಕೂರಿಸಿದವರಿಗೆ?